ಪರದೆಯ ಮೇಲೆ ಮೈಸಮ್ಮ

ನಮ್ಮಪ್ಪ ಲಿಂಗಣ್ಣನಿಗೆ ಒಂದು ಕೆಟ್ಟ ಚಾಳಿ. ಯಾವ ವಿಡಿಯೋ ತೋರಿಸಿದರೂ ಮೊದಲು ತಪ್ಪು ಹುಡುಕುತ್ತಾನೆ. ನಾರಾಯಣಪೇಟೆಯಲ್ಲಿ ನಾನು ನಡೆಸುವ ಸ್ಟುಡಿಯೋಗೆ ಮದುವೆ ಮನೆಯ ಬೀಗರು ವಿಡಿಯೋ ನೋಡಲು ಬಂದರೆ, ಅವರ ಎದುರಿಗೇ "ಮದುಮಗ ತಾಳಿ ಕಟ್ಟೂವಾಗ ಆಕಳಸಾಕ ಹತ್ಯಾನ ನೋಡ್ರಿ" ಎಂದುಬಿಡುತ್ತಾನೆ. ಎಷ್ಟು ಸಲ ಬೈದರೂ ಅಷ್ಟೇ, ಬೈಸಿಕೊಂಡು ಮತ್ತೆ ಅದೇ ಕುರ್ಚಿಯಲ್ಲಿ ಬಂದು ಕೂಡುತ್ತಾನೆ.

ಆ ದಿನ ನಾನೇ ಕರೆದು ಕೂಡಿಸಿದ್ದೆ. ಮದುವೆ, ಸೀಮಂತ, ತೊಟ್ಟಿಲು ಬಿಟ್ಟು ನಾನು ಮೊದಲ ಸಲ ನನ್ನದು ಅಂತ ಒಂದು ಚಿತ್ರ ಮಾಡಿದ್ದೆ. ದಾಮರಗಿದ್ದದ ಕಬಡ್ಡಿ ಹುಡುಗಿಯರ ಚಿತ್ರ. ಅಪ್ಪ ಅವ್ವ ಪುಣೆ, ಮುಂಬಯಿಗೆ ದುಡಿಯಲು ಹೋದವರು. ಹುಡುಗಿಯರು ಅಜ್ಜಿಯರ ಹತ್ತಿರ ಬೆಳೆದವರು. ಒಕ್ಕಣೆ ಮುಗಿದ ಕಣದಲ್ಲಿ ಸುಣ್ಣದ ಗೆರೆ ಎಳೆದು ಆಡಿ ಆಡಿ ಈಗ ಗದ್ವಾಲದ ಫೈನಲ್‌ಗೆ ಬಂದು ನಿಂತಿದ್ದರು. ಹೆಸರು ಕೇಳಿದರೆ ಎಲ್ಲಿದೆ ಆ ಊರು ಅನ್ನುವ ಜನರ ಮುಂದೆ, ಆಟಕ್ಕೆ ಮೊದಲು ಈ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕುವುದಾಗಿ ಅಲ್ಲಿಯವರು ಒಪ್ಪಿದ್ದರು. ನಾನು ಊಟ ಬಿಟ್ಟು, ನಿದ್ದೆ ಬಿಟ್ಟು ಅದನ್ನು ಕಟ್ಟಿದ್ದೆ.

ಅಪ್ಪ ಚಹಾ ಹೀರುತ್ತ ನೋಡಿದ. ಧೂಳು ನೋಡಿದ, ಹುಡುಗಿಯರ ಕಾಲು ನೋಡಿದ, ರೇಡಿಗೆ ಹೋದ ತ್ರಿವೇಣಿ ಮೂವರನ್ನು ಮುಟ್ಟಿ ಗೆರೆಗೆ ಬಿದ್ದದ್ದನ್ನು ನೋಡಿ "ಭಲೇ" ಅಂದ. ಆಮೇಲೆ ತ್ರಿವೇಣಿಯ ಅಜ್ಜಿ ಮೈಸಮ್ಮ ಮಾತಾಡುವ ಭಾಗ ಬಂತು. ಇಡೀ ಚಿತ್ರದ ಜೀವ ಅದು ಎಂದು ನಾನು ತಿಳಿದಿದ್ದೆ. ಅಪ್ಪ ಕಪ್ಪನ್ನು ಕೆಳಗಿಟ್ಟ.

"ಬಸ್ಸಿ, ಸ್ವಲ್ಪ ಹಿಂದಕ್ಕ ಒಯ್ಯಿ. ಆ ಮುದುಕಿ ಏನಂದ್ಲು?"

ನಾನು ಮತ್ತೆ ಹಾಕಿದೆ. ಮೈಸಮ್ಮ ಹೇಳುತ್ತಿದ್ದಳು: "ಹೊಳಿ ಬಂದಾಗ ನಮ್ಮ ತ್ರಿವೇಣಿ ಅಂಗಳದಾಗ ನಡ್ಯಾಕ ಹತ್ತಿದ್ಲು. ನೀರು ಮನಿಯೊಳಗ ನುಗ್ಗಿ ಬಂತು. ಬಗಲಾಗ ಎತ್ಕೊಂಡು ಗುಡ್ಡ ಏರಿದೆ."

"ಚೆಂದ ಐತಲ್ಲ?" ಅಂದೆ.

"ಚೆಂದ ಐತಿ. ಆದರ ಆ ಹೊಳಿ ಬಂದು ಹದಿನಾರು ವರ್ಷ ಆತು. ಮಕ್ತಲ್ ಕಡೆ ಊರಿಗೆ ಊರೇ ಮುಳುಗಿದ್ವು, ನಾವು ರೊಟ್ಟಿ ಕಟ್ಟಿ ಕಳಿಸಿದ್ವಿ, ನೆನಪೈತಿಲ್ಲೋ? ಆಗಲೇ ನಡೀತಿದ್ಲು ಅಂದ್ರ ಅವಾಗ ಅಕಿಗಿ ವರ್ಷ ತುಂಬಿರಬೇಕು. ಈಗ ಹದಿನೇಳು ದಾಟಿತು. ಮತ್ತ ಹದಿನೇಳರ ಒಳಗಿನವರ ಆಟ ಹ್ಯಾಂಗ ಆಡ್ತಾಳ?"

ಶಾಲೆಯ ಲೆಕ್ಕದಲ್ಲಿ ತ್ರಿವೇಣಿಗೆ ಹದಿನೈದು. ಆದರೆ ನಮ್ಮ ಕಡೆ ಶಾಲೆಯ ಲೆಕ್ಕ ಎಂಥದು ಅಂತ ನನಗೆ ಗೊತ್ತಿಲ್ಲವೇ? ಮೇಷ್ಟ್ರು ಕೂಸಿನ ಎತ್ತರ ನೋಡಿ ವಯಸ್ಸು ಹಾಕುತ್ತಿದ್ದರು. ನಾನೂ ಜೂನ್ ಒಂದಕ್ಕೆ ಹುಟ್ಟಿದವಳು, ನಮ್ಮ ಓಣಿಯ ಅರ್ಧ ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ಮೇಷ್ಟ್ರು ಬರೆದದ್ದಕ್ಕಿಂತ ಅಜ್ಜಿ ಹೇಳಿದ್ದನ್ನೇ ಯಾರಾದರೂ ನಂಬುತ್ತಾರೆ. ನಾನೂ ನಂಬಿದೆ.

ಚಿತ್ರವಿದ್ದ ಪೆನ್‌ಡ್ರೈವ್ ಬೆಳಗಿನ ಬಸ್ಸಿಗೇ ಹುಡುಗಿಯರ ಜೊತೆ ಗದ್ವಾಲಕ್ಕೆ ಹೋಗಿತ್ತು. ಅವರ ಕೋಚ್ ಗೋಪಾಲ್ ಸಾರು ಅದನ್ನು ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಾಕಿ, ಮೇಲೆ ತಟ್ಟಿ ತೋರಿಸಿದ್ದರು. ಫೈನಲ್ ಇದ್ದದ್ದು ಮಧ್ಯಾಹ್ನ ಊಟವಾದ ಮೇಲೆ. ನಾನು ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ ಕಡೆಗೆ ಸ್ವಿಚ್ ಆಫ್ ಎಂದು ಬಂತು. "ಚಿತ್ರ ಹಾಕಬ್ಯಾಡ್ರಿ ಸರ್, ನಾ ಬರ್ತೀನಿ" ಎಂದು ಮೆಸೇಜ್ ಬಿಟ್ಟೆ. ಒಂದೇ ಟಿಕ್ ಬಿತ್ತು, ತಲುಪಿರಲಿಲ್ಲ. ಯಾಕೆ ಹಾಕಬಾರದು ಅಂತ ಬರೆಯಲು ಮಾತ್ರ ಧೈರ್ಯವಾಗಲಿಲ್ಲ. ಸಾರಿನ ಫೋನು ಇಡೀ ತಂಡದ ಹುಡುಗಿಯರ ಕೈಯಲ್ಲಿ ತಿರುಗುತ್ತಿರುತ್ತದೆ. ಬೇರೆ ಯಾರಿಗಾದರೂ ಹೇಳಿಸೋಣವೆಂದರೆ, ಯಾಕಮ್ಮಾ ಎಂದು ಕೇಳದೆ ಬಿಡುವರೇ?

"ನಿನ್ನ ಬಾಯಿಗಿಷ್ಟು!" ಎಂದು ಅಪ್ಪನ ಮೇಲೆ ಹರಿಹಾಯ್ದೆ. "ನಿನ್ನೆ ನೋಡಿ ಹೇಳಾಕ ಏನಾಗಿತ್ತು ನಿನಗ?"

"ನಿನ್ನೆ ತೋರಿಸಿದ್ದೇನು ನನಗ?" ಅಂದ. ಅದೂ ಖರೆಯೇ. ನಾನು ಸ್ಕೂಟಿಯ ಕೀಲಿ ಎತ್ತಿಕೊಂಡು ಓಡಿದೆ.

ಮಕ್ತಲ್ ರಸ್ತೆಯಲ್ಲಿ ಹತ್ತಿಯ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಒಂದೊಂದನ್ನು ದಾಟುವಾಗಲೂ ನನಗೆ ಕಾಣುತ್ತಿದ್ದುದು ಪೆದ್ದಯ್ಯನ ಮುಖ. ಪೆದ್ದಯ್ಯ ಐಜದ ತಂಡದ ಕೋಚ್, ಇಂದು ನಮ್ಮ ಹುಡುಗಿಯರ ಎದುರು ಆಡುವವರು ಅವನ ಹುಡುಗಿಯರೇ. ಹೋದ ವರ್ಷ ಒಬ್ಬ ಹುಡುಗಿಯ ವಯಸ್ಸು ಹೆಚ್ಚಾಗಿದೆ ಎಂದು ಅವನು ಎದ್ದು ನಿಂತು ಕೂಗಿ, ಎದುರು ತಂಡವನ್ನು ಅಂಗಳದಿಂದಲೇ ಹೊರಗೆ ಕಳಿಸಿದ್ದ. ಅವನ ಪಾಲಿಗೆ ಅದು ನ್ಯಾಯವೇ. ಆ ಹುಡುಗಿಯರು ಚೀಲ ಹಿಡಿದುಕೊಂಡು ಅಳುತ್ತ ಬಸ್‌ಸ್ಟ್ಯಾಂಡಿಗೆ ನಡೆದದ್ದನ್ನು ಗೋಪಾಲ್ ಸಾರು ನನಗೆ ಹೇಳಿದ್ದರು.

ಇವತ್ತಿನ ಆಟ ನೋಡಿ ಕ್ರೀಡಾ ಹಾಸ್ಟೆಲಿಗೆ ಆರಿಸುವವರು ಹೈದರಾಬಾದಿನಿಂದ ಬಂದಿದ್ದರು. ತ್ರಿವೇಣಿ ಆಯ್ಕೆಯಾದರೆ ಊಟ, ಓದು, ಆಟ ಎಲ್ಲವೂ ಅಲ್ಲೇ. ಆಗದಿದ್ದರೆ ಸಂಕ್ರಾಂತಿ ಮುಗಿದ ಕೂಡಲೇ ಅಪ್ಪ ಅವ್ವನ ಹಿಂದೆ ಪುಣೆಗೆ ಹೋಗಿ ಗಾರೆ ಹೊರಬೇಕು, ಆ ಮಾತು ಮನೆಯಲ್ಲಿ ಆಗಲೇ ಮುಗಿದುಹೋಗಿತ್ತು. ಇನ್ನು ನನ್ನ ಚಿತ್ರ ನೋಡಿ ವಯಸ್ಸಿನ ತಕರಾರು ಎದ್ದರೆ ಆಯ್ಕೆ ಒತ್ತಟ್ಟಿಗಿರಲಿ, ಸುಳ್ಳಿ ಅನ್ನಿಸಿಕೊಂಡು ಮನೆಗೆ ಬರಬೇಕು. ವಯಸ್ಸು ಮೀರಿದವಳು ಆಡುವುದು ಸರಿಯೇ ಎಂದು ನೀವು ಕೇಳಬಹುದು. ಸರಿಯಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ಸರಿ ತಪ್ಪು ಬೇಕಿರಲಿಲ್ಲ. ಆ ಹುಡುಗಿ ಆಡಬೇಕಿತ್ತು, ಅಷ್ಟೇ.

ನನ್ನ ಮೇಲೆ ನನಗೇ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಮೈಸಮ್ಮನ ಮಾತು ಕನ್ನಡ. ಗದ್ವಾಲದಲ್ಲಿ ತಿಳಿಯದವರಿಗೂ ತಿಳಿಯಲಿ ಎಂದು ಕೆಳಗೆ ತೆಲುಗಿನಲ್ಲಿ ದಪ್ಪ ಹಳದಿ ಅಕ್ಷರ ಹಾಕಿದವಳು ನಾನೇ. ಎಂಥ ಜಾಣೆ ನಾನು!

ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರು ನಿಂತು ಮತ್ತೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ತಲೆ ಎತ್ತಿದರೆ, ಹಣ್ಣಿನ ಬಂಡಿಯ ಪಕ್ಕದಲ್ಲಿ ಮೈಸಮ್ಮ ನಿಂತಿದ್ದಳು! ಪೆಟ್ಟಿಗೆಯ ಸೀರೆ ಉಟ್ಟಿದ್ದಳು, ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಎಣ್ಣೆ ಹಚ್ಚಿ ತಲೆ ಬಾಚಿದ್ದಳು. ನನ್ನನ್ನು ಕಂಡದ್ದೇ ಮುಖ ಅರಳಿತು.

"ಬಂದ್ಯಾ ತಾಯಿ! ಗದ್ವಾಲ ಬಸ್ ಈಗ ಹೋತು ನೋಡು, ಕೈ ಮಾಡಿದ್ರೂ ನಿಲ್ಲಿಸಲಿಲ್ಲ ಹಾಟ್ಯಾ."

"ನೀ ಯಾಕ ಬಂದಿ ಆಯಿ? ಇಷ್ಟು ದೂರ, ಒಬ್ಬಾಕಿ?"

"ಯಾಕ ಅಂತ ಕೇಳ್ತೀಯಲ್ಲ! ಪರದೆ ಮ್ಯಾಲ ನಾ ಬರ್ತೀನಿ ಅಂತಲ್ಲ. ಮೈಕಿನಾಗ ನನ್ನ ಮಾತು ಬರ್ತದಂತ. ಗೋಪಾಲ್ ಸಾರ ಹೇಳ್ಯಾರ. ಊರಾಗ ಎಲ್ಲಾರಿಗೂ ಹೇಳಿ ಬಂದೀನಿ."

ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಗಾಡಿ ಹತ್ತು ಅಂದೆ. ಅವಳು ಸೀರೆ ಸಾವರಿಸಿಕೊಂಡು ನನ್ನ ಹಿಂದೆ ಕೂತು, ಎರಡೂ ಕೈಯಲ್ಲಿ ನನ್ನ ಸೊಂಟ ಗಟ್ಟಿಯಾಗಿ ಹಿಡಿದಳು.

ಅಮರಚಿಂತ ದಾಟುವ ತನಕ ನಾನು ತಡೆದುಕೊಂಡೆ. ಒಂದು ಆಸೆ ಇತ್ತು. ಮುದುಕಿ ವರ್ಷ ತಪ್ಪಿಸಿರಬಹುದು, ಯಾವುದೋ ಸಣ್ಣ ಹಳ್ಳ ಬಂದದ್ದನ್ನೇ ಹೊಳೆ ಅಂದಿರಬಹುದು. ಕಡೆಗೆ ಗಾಳಿಯಲ್ಲಿ ಕೂಗಿ ಕೇಳಿದೆ.

"ಆಯಿ! ಹೊಳಿ ಬಂದಾಗ ತ್ರಿವೇಣಿ ನಡೀತಿದ್ಲು ಅಂತ ಹೇಳಿದ್ಯಲ್ಲ, ಖರೇನಾ?"

"ಖರೇನ ತಾಯಿ! ನಡಿಯೋದೇನು, ಓಡ್ತಿದ್ಲು! ಹಿಡಿಯಾಕ ಆಗ್ತಿದ್ದಿಲ್ಲ ಅಕಿನ್ನ!"

"ಯಾವ ಹೊಳಿ? ಆ ದೊಡ್ಡದೇ ಏನು?"

"ಮತ್ಯಾವುದು? ಎಲ್ಲಾ ಒಯ್ತಲ್ಲ, ಅದ. ಅದರ ಮ್ಯಾಲೇ ನಾವು ಹೊಳಿದಂಡಿ ಬಿಟ್ಟು ದಾಮರಗಿದ್ದಕ್ಕ ಬಂದದ್ದು."

ಮುಗಿಯಿತು. ನಾನು ಇನ್ನೂ ವೇಗ ಹೆಚ್ಚಿಸಿದೆ. ಆ ಮಾತು ಯಾರ ಮುಂದೆಯೂ ಆಡಬೇಡ ಎಂದು ಅವಳಿಗೆ ಹೇಳಬೇಕೆನಿಸಿತು. ಆದರೆ ಹೇಳಿದರೆ ಅವಳು ಹೆದರುತ್ತಾಳೆ, ಹೆದರಿದರೆ ನಾಲ್ಕು ಮಂದಿಯನ್ನು ಕೇಳುತ್ತಾಳೆ. ಜೂರಾಲ ಅಣೆಕಟ್ಟಿನ ಮೇಲೆ ಬಂದಾಗ ಎಡಬಲಕ್ಕೆ ನೀರು ಕಂಡು ಮೈಸಮ್ಮ ಮಾತು ನಿಲ್ಲಿಸಿದಳು. ನನ್ನ ಬೆನ್ನಿಗೆ ಹಣೆ ಒತ್ತಿಕೊಂಡಳು. ಸ್ಕೂಟಿಯ ವೇಗಕ್ಕೆ ಹೆದರಿದಳು ಎಂದುಕೊಂಡೆ.

ಗದ್ವಾಲದ ಮೈದಾನದಲ್ಲಿ ಜಾತ್ರೆಯ ಹಾಗೆ ಜನ. ದೂರದಿಂದಲೇ ಪರದೆ ಕಂಡಿತು, ಮದುವೆ ರಿಸೆಪ್ಶನ್ನಿಗೆ ತರುವಂಥ ದೊಡ್ಡ ಎಲ್‌ಇಡಿ ಪರದೆ. ಅದರ ಮೇಲೆ ಕಣದ ಧೂಳು ಏಳುತ್ತಿತ್ತು. ನನ್ನ ಚಿತ್ರ ಶುರುವಾಗಿಹೋಗಿತ್ತು!

ಸ್ಕೂಟಿಯನ್ನು ಗೋಡೆಗೆ ಆನಿಸಿ ಓಡಿದೆ. ಮೈಸಮ್ಮ ಹಿಂದೆ ಬರುತ್ತಿದ್ದಾಳೋ ಇಲ್ಲವೋ ನೋಡಲಿಲ್ಲ. ಗೋಪಾಲ್ ಸಾರು ಪರದೆಯ ಪಕ್ಕದಲ್ಲಿ ಕೈಕಟ್ಟಿಕೊಂಡು, ತಾವೇ ಚಿತ್ರ ತೆಗೆದವರ ಹಾಗೆ ನಗುತ್ತ ನಿಂತಿದ್ದರು.

"ಸರ್, ಬಂದ್ ಮಾಡಸ್ರಿ. ಜಲ್ದಿ ಬಂದ್ ಮಾಡಸ್ರಿ!"

"ಏನಮ್ಮಾ, ಹಿಂಗ ಅಂತೀರಿ? ಎಷ್ಟು ಚೆಂದ ಬಂದೈತಿ ನೋಡ್ರಿ. ಹೈದರಾಬಾದದವರು ಚಹಾ ಕುಡಿಯಾದು ಬಿಟ್ಟು ನೋಡಾಕ ಹತ್ಯಾರ."

"ನಿಮ್ಮ ಫೋನ್ ಯಾಕ ಬಂದ್ ಐತ್ರಿ?"

"ಹುಡುಗ್ಯಾರು ಬಸ್ಸಿನಾಗ ಹಾಡು ಕೇಳಿ ಕೇಳಿ ಬ್ಯಾಟರಿ ಮುಗಿಸ್ಯಾರ್ರಿ" ಎಂದರು, ಏನೂ ಆಗಿಲ್ಲವೆಂಬಂತೆ. ಆ ಮನುಷ್ಯನನ್ನು ಅಲ್ಲೇ ಹಿಡಿದು ಜಾಡಿಸಬೇಕೆನಿಸಿತು.

ಹೈದರಾಬಾದಿನವರ ಹಿಂದಿನ ಕುರ್ಚಿಯಲ್ಲೇ ಪೆದ್ದಯ್ಯ ಕೂತಿದ್ದ. ಕನ್ನಡಕ ಹಣೆಯ ಮೇಲಿಂದ ಕಣ್ಣಿಗೆ ಇಳಿಸಿಕೊಂಡು ಕೆಳಗಿನ ಹಳದಿ ಅಕ್ಷರಗಳನ್ನು ತುಟಿ ಅಲ್ಲಾಡಿಸಿ ಓದುತ್ತಿದ್ದ. ಪರದೆಯ ಮೇಲೆ ತ್ರಿವೇಣಿ ಮೂವರನ್ನು ಮುಟ್ಟಿ ಗೆರೆಗೆ ಬಿದ್ದಳು, ಜನ ಸಿಳ್ಳೆ ಹಾಕಿದರು. ಇನ್ನು ಮುಂದಿನದು ಮೈಸಮ್ಮನೇ.

ಬಂತು. ಗೋಡೆಯಷ್ಟು ದೊಡ್ಡ ಮುಖ. ಹಣೆಯ ಸುಕ್ಕು, ಮೂಗುಬೊಟ್ಟು, ಹಿಂದೆ ಜೋಳದ ದಂಟಿನ ಬಣವೆ. ಅಂಗಳದಲ್ಲಿ ಸಾಲಾಗಿ ಕೂತಿದ್ದ ನಮ್ಮ ಹುಡುಗಿಯರು "ಆಯೀ!" ಎಂದು ಒಮ್ಮೆಲೆ ಕಿರುಚಿದರು. ನಾನು ತಿರುಗಿ ನೋಡಿದೆ. ಜನರ ನಡುವೆ ದಾರಿ ಮಾಡಿಕೊಂಡು ಮೈಸಮ್ಮ ಮುಂದೆ ಬಂದು ನಿಂತಿದ್ದಳು. ಎರಡೂ ಕೈ ಬಾಯಿಯ ಮೇಲಿದ್ದವು, ಪಕ್ಕದ ಹೆಂಗಸರು ಪರದೆ ನೋಡುತ್ತ, ಅವಳನ್ನು ನೋಡುತ್ತ ನಗುತ್ತಿದ್ದರು.

"ಹೊಳಿ ಬಂದಾಗ ನಮ್ಮ..." ಎಂದಿತು ಮೈಕು.

ನಾನು ಪರದೆಯ ಹಿಂದಕ್ಕೆ ನುಗ್ಗಿ, ಕಂಡ ದಪ್ಪ ವೈರನ್ನು ಹಿಡಿದು ಕಿತ್ತೆ.

ಪರದೆ ಕಪ್ಪಾಯಿತು. ಮೈಕೂ ಸತ್ತಿತು. "ಕರೆಂಟ್ ಪೋಯಿಂದಾ?" ಎಂದು ಯಾರೋ ಕೂಗಿದರು, ಜನ ಹೋ ಎಂದರು. ಪರದೆ ತಂದಿದ್ದ ಸುನಿಲ ಓಡಿ ಬಂದು, ಕೈಯಲ್ಲಿ ವೈರು ಹಿಡಿದು ನಿಂತ ನನ್ನನ್ನು ಕಂಡು ಬಾಯಿಗೆ ಬಂದಂತೆ ಬೈದ. ಕಾಲಿಗೆ ತೊಡರಿತು ಎಂದೆ. ಅಷ್ಟರಲ್ಲಿ ಆಯೋಜಕರು ಹೊತ್ತಾಯಿತು, ಸಾಕು, ಆಟ ಶುರು ಮಾಡಿ ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಪೆದ್ದಯ್ಯ ಎದ್ದು ಹೋಗುವಾಗ ನನ್ನ ಹತ್ತಿರ ನಿಂತ. "ಏನಮ್ಮಾ, ಒಳ್ಳೇ ಹೊತ್ತಿಗೆ ಕೈ ಕೊಡ್ತಲ್ಲ" ಅಂದ ತೆಲುಗಿನಲ್ಲಿ, ಮರುಕದಿಂದಲೇ. "ಆ ಮುದುಕಮ್ಮ ಏನೋ ಹೇಳಾಕ ಹತ್ತಿದ್ಲು. ಕೇಳಬೇಕು ಅನಿಸಿತ್ತು."

ತ್ರಿವೇಣಿ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತ ನನ್ನತ್ತ ನೋಡಿದಳು. "ಅಕ್ಕಾ, ಬರೋಬ್ಬರಿ ನಮ್ಮ ಆಯಿ ಮಾತಾಡೋ ಹೊತ್ತಿಗೇ ಹೋಗಬೇಕಾ?" ಅಂದಳು. ಅವಳ ಮುಖ ನೋಡಲಾಗಲಿಲ್ಲ. ಏನೂ ಆಗಿಲ್ಲ, ಹೋಗು, ಆಡು ಎಂದೆ. ಹೋದಳು. ಹೋಗಿ ಮೊದಲ ರೇಡಿನಲ್ಲೇ ಇಬ್ಬರನ್ನು ಮುಟ್ಟಿ ಬಂದಳು. ಹೈದರಾಬಾದಿನವರಲ್ಲಿ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಅವಳ ಕಡೆ ಬೆರಳು ತೋರಿಸಿದರು. ಅದನ್ನು ಕಂಡು ನನಗೆ ಅಳು ಬಂತು.

ಮೈಸಮ್ಮ ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ಕೂತು ಇನ್ನೂ ಆ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನಾ ಚೆಂದ ಮಾತಾಡಿದ್ದಿಲ್ಲೇನು ತಾಯಿ?" ಎಂದು ಕೇಳಿದಳು.

"ಯಾಕ ಆಯಿ?"

"ನೀನೇ ಬಂದ್ ಮಾಡಿದಿ. ನಾ ನೋಡಿದೆ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ, ಯಾರಿಗೂ ಕೇಳದ ಹಾಗೆ ಎಲ್ಲವನ್ನೂ ಹೇಳಿದೆ. ಆ ಹೊಳೆ ಬಂದು ಎಷ್ಟು ವರ್ಷವಾಯಿತು, ಈ ಆಟಕ್ಕೆ ಎಷ್ಟು ವಯಸ್ಸು ಮೀರಬಾರದು, ಅವಳ ಆ ಒಂದು ಮಾತು ಪೆದ್ದಯ್ಯನ ಕಿವಿಗೆ ಬಿದ್ದಿದ್ದರೆ ತ್ರಿವೇಣಿಯ ಗತಿ ಏನಾಗುತ್ತಿತ್ತು. "ಅದಕ್ಕ ಕಿತ್ತೆ ಆಯಿ. ಅಕಿ ಸಲುವಾಗಿ" ಎಂದೆ.

ನಾನು ಏನು ಹೇಳುತ್ತಿದ್ದೇನೆ ಎಂದು ಮೈಸಮ್ಮನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಇಕಿ ಅಲ್ಲ ತಾಯಿ ಅದು" ಅಂದಳು. "ಅದು ಹಿರೀಕಿ. ಹಿರೇ ತ್ರಿವೇಣಿ."

"ಯಾವ ಹಿರೇ ತ್ರಿವೇಣಿ?"

"ಇಕಿಗಿಂತ ಮೊದಲಿನಾಕಿ. ಹೊಳಿ ಬಂದಾಗ ನಡೀತಿದ್ಲಲ್ಲ, ಅಕಿ. ಬಗಲಾಗ ಎತ್ಕೊಂಡು ಗುಡ್ಡ ಏರಿದೆ ನೋಡು. ನೀರಿನಾಗ ತೊಯ್ದಿದ್ಲು. ಗುಡ್ಡದ ಮ್ಯಾಲ ಒಣ ಅರಿವಿ ಇದ್ದಿಲ್ಲ, ಬೆಂಕಿ ಇದ್ದಿಲ್ಲ. ಜ್ವರ ಬಂತು. ಹೊಳಿ ಇಳಿಯೋದರಾಗ ಹೋದ್ಲು. ಮುಂದಿನ ವರ್ಷ ಇಕಿ ಹುಟ್ಟಿದ್ಲು. ಅಕೀನ ತಿರುಗಿ ಬಂದಾಳ ಅಂತ ಅದ ಹೆಸರು ಇಟ್ಟಿವಿ. ನಮ್ಮಾಗ ಹಂಗ ಇಡ್ತಾರ."

ಇಡುತ್ತಾರೆ. ನನಗೂ ಗೊತ್ತಿತ್ತು. ನಮ್ಮ ಓಣಿಯಲ್ಲೇ ಸತ್ತ ಅಣ್ಣನ ಹೆಸರು ಹೊತ್ತ ತಮ್ಮಂದಿರು ಇದ್ದಾರೆ. ನಾನೇಕೆ ಕೇಳಲಿಲ್ಲ? ದಾಮರಗಿದ್ದದಲ್ಲಿ ಕ್ಯಾಮರಾ ಹಿಡಿದಿದ್ದಾಗ "ಗುಡ್ಡ ಏರಿದೆ" ಅಂದ ಮೇಲೆ ಮೈಸಮ್ಮ ಸುಮ್ಮನಾಗಿದ್ದಳು, ಕಣ್ಣು ತುಂಬಿ ಬಂದಿದ್ದವು. ಮುಂದೆ ಏನೋ ಹೇಳಲು ತುಟಿ ಅದುರಿತ್ತು. ಮದುವೆ ವಿಡಿಯೋ ಮಾಡುವವರಿಗೆ ಒಂದು ರೂಢಿ ಇದೆ. ಹೆಣ್ಣು ಒಪ್ಪಿಸುವಾಗಿನ ಅಳು ಬಿಟ್ಟು ಬೇರೆ ಯಾವ ಅಳುವನ್ನೂ ಇಡಬಾರದು, ಇಟ್ಟರೆ ಬೀಗರು ಜಗಳಕ್ಕೆ ಬರುತ್ತಾರೆ. ಕಣ್ಣು ತುಂಬಿತೋ, ಕೈ ತಾನಾಗಿಯೇ ಗುಂಡಿಗೆ ಹೋಗುತ್ತದೆ. "ಸಾಕು ಆಯಿ, ಭಾಳ ಚೆಂದ ಬಂತು" ಎಂದು ನಾನು ಕ್ಯಾಮರಾ ಬಂದ್ ಮಾಡಿದ್ದೆ.

"ಅಕಿದೊಂದು ಫೋಟೋ ಸುದ್ದಾ ಇಲ್ಲ" ಅಂದಳು ಮೈಸಮ್ಮ. "ಮನಿಯಾಗ ಅಕಿ ಸುದ್ದಿ ತೆಗೀಬ್ಯಾಡ ಅಂತಾರ, ಇಕಿಗಿ ಕೇಡು ಅಂತ. ಅಕಿನ್ನ ಮಣ್ಣು ಮಾಡಿದ ಊರೂ ಬಿಟ್ಟು ಬಂದ್ವಿ. ನೀ ಬಂದು ಕೇಳಿದಿ. ಯಾರೂ ಕೇಳಿದ್ದಿಲ್ಲ. ಅಕಿ ಓಡ್ಯಾಡಿದ್ದು ಇಷ್ಟು ಮಂದ್ಯಾಗ ಮೈಕಿನಾಗ ಬರ್ತದಂದ್ರ ಬಿಡಾಕ ಆಗ್ತದೇನು? ಅದಕ್ಕ ಬಂದಿದ್ದೆ."

ನಾನು ಎದ್ದು ಆಯೋಜಕರ ಹತ್ತಿರ ಓಡಿದೆ. ಆಟದ ನಡುವೆ ಬಿಡುವು ಇರುತ್ತದಲ್ಲ, ಆ ಒಂದು ಭಾಗವನ್ನಾದರೂ ಹಾಕಿ ಎಂದು ಬೇಡಿಕೊಂಡೆ. ಹಿಂದಿನದು, ಮುಂದಿನದು ಏನೂ ಬೇಡ, ಮುದುಕಿಯ ಮಾತಷ್ಟೇ ಸಾಕು ಎಂದೆ. ಅವರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ಸುನಿಲ ಆಗಲೇ ಪರದೆ ಬಿಚ್ಚಿ ಟಾಟಾ ಏಸ್‌ಗೆ ಏರಿಸುತ್ತಿದ್ದ, ಅವನಿಗೆ ಸಂಜೆ ಎಲ್ಲೋ ರಿಸೆಪ್ಶನ್ ಇತ್ತಂತೆ. ಕೈ ಮುಗಿದೆ. ನಿಮ್ಮಿಂದ ನನ್ನ ಪರದೆ ಸುಟ್ಟುಹೋಗುವುದರಲ್ಲಿತ್ತು, ದೂರ ಸರೀರಿ ಎಂದ.

ಅಂಗಳದಲ್ಲಿ ಜನ ಎದ್ದು ನಿಂತು ತ್ರಿವೇಣಿ, ತ್ರಿವೇಣಿ ಎಂದು ಕೂಗುತ್ತಿದ್ದರು. ನನ್ನ ಕಿವಿಗೆ ಅದು ಬೀಳುತ್ತಿತ್ತು, ಅಷ್ಟೇ. ಮೈಸಮ್ಮನ ಹತ್ತಿರ ಮರಳಿ ಬಂದೆ. ನನ್ನ ಫೋನಿನಲ್ಲಿ ಚಿತ್ರ ಇತ್ತು. ಅವಳ ಭಾಗಕ್ಕೆ ಸರಿಸಿ, ಸದ್ದು ಪೂರ್ತಿ ಏರಿಸಿ, ಅವಳ ಕೈಗೆ ಕೊಟ್ಟೆ. ಅಂಗೈಯಷ್ಟು ಮೈಸಮ್ಮ ಬಾಯಿ ತೆರೆದು "ಹೊಳಿ ಬಂದಾಗ ನಮ್ಮ ತ್ರಿವೇಣಿ..." ಎಂದಳು. ಗದ್ದಲದಲ್ಲಿ ಸರಿಯಾಗಿ ಕೇಳಲಿಲ್ಲ. ಫೋನನ್ನು ಅವಳ ಕಿವಿಗೆ ಹಿಡಿದೆ. "ಕೇಳು ಆಯಿ, ಕೇಳು" ಎಂದೆ. ಅವಳು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಕಿವಿಯಿಂದ ಸರಿಸಿದಳು.

"ನನಗ ಯಾಕ ಕೇಳಸ್ತಿ ತಾಯಿ? ನನಗ ಗೊತ್ತೈತಲ್ಲ. ಅವರಿಗೆಲ್ಲಾ ಹೇಳಾಕ ಬಂದಿದ್ದೆ."